ಮುಖ ಬದಲಾದರೆ ಪ್ರೀತಿ ಉಳಿಯುತ್ತಾ? ‘ಅಲ್ಕೆಮಿ ಆಫ್ ಸೋಲ್ಸ್’ ನೋಡುಗರ ಮುಗಿಯದ ಜಗಳ

ಇಪ್ಪತ್ತು ಎಪಿಸೋಡ್ ಒಬ್ಬ ನಾಯಕಿಯನ್ನು ನೋಡುತ್ತೀರಿ. ಸಿಟ್ಟು ಬಂದಾಗ ಅವಳ ಹುಬ್ಬು ಹೇಗೆ ಏರುತ್ತದೆ, ಸುಳ್ಳು ಹೇಳುವಾಗ ದನಿ ಎಲ್ಲಿ ತೆಳುವಾಗುತ್ತದೆ, ಎಲ್ಲ ಬಾಯಿಪಾಠ. ಇಪ್ಪತ್ತೊಂದನೇ ಎಪಿಸೋಡಿಗೆ ಬೇರೆ ಯಾರೋ ಬಂದು ನಿಲ್ಲುತ್ತಾಳೆ. ‘ಇವಳೇ ಅವಳು’ ಅನ್ನುತ್ತದೆ ಕತೆ. ಒಪ್ಪಿಕೊಳ್ಳೋದು ಹೇಗೆ?

ಕೊರಿಯಾದ ‘ಅಲ್ಕೆಮಿ ಆಫ್ ಸೋಲ್ಸ್’ ನೋಡಿದವರು 2022ರಿಂದ ಇದೇ ವಿಷಯಕ್ಕೆ ಜಗಳ ಆಡುತ್ತಿದ್ದಾರೆ. ಧಾರಾವಾಹಿ ಮುಗಿದು ವರ್ಷಗಳಾದವು. ಆದರೂ ನೆಟ್‌ಫ್ಲಿಕ್ಸ್‌ನಲ್ಲಿ ಹೊಸದಾಗಿ ನೋಡಿ ಮುಗಿಸಿದವರು ಮೊದಲು ಎತ್ತುವ ಮಾತು ಇದೇ. ಮೊದಲ ಭಾಗದ ನಾಯಕಿಯೋ, ಎರಡನೇ ಭಾಗದ ನಾಯಕಿಯೋ? ಒಂದು ಕಡೆ ನಿಂತರೆ ಇನ್ನೊಂದು ಕಡೆಯವರು ಬಿಡುವುದಿಲ್ಲ.

ಈ ಜಗಳವನ್ನು ಬರೀ ಅಭಿಮಾನಿಗಳ ಹಟ ಅಂತ ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಧಾರಾವಾಹಿ ತಾನೇ ಎತ್ತಿದ ಒಂದು ಪ್ರಶ್ನೆಗೆ ತಾನು ಸರಿಯಾಗಿ ಉತ್ತರ ಕೊಡಲಿಲ್ಲ. ಆ ಉತ್ತರಕ್ಕಾಗಿ ನೋಡುಗರು ಬಡಿದಾಡುತ್ತಿದ್ದಾರೆ, ಅಷ್ಟೇ. ಅದನ್ನು ವಿವರಿಸಬೇಕಾದರೆ ಕತೆ ಪೂರ್ತಿ ಬಿಚ್ಚಿಡಬೇಕು. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ಮೂವತ್ತು ಎಪಿಸೋಡ್ ಮುಗಿಸಿ ಬನ್ನಿ.

ಮೊದಲು ಲೆಕ್ಕ. ಟಿವಿಎನ್ ಅನ್ನುವ ಕೇಬಲ್ ಚಾನೆಲ್‌ನಲ್ಲಿ ಶನಿವಾರ, ಭಾನುವಾರ ಬರುತ್ತಿತ್ತು. ಮೊದಲ ಭಾಗ 2022ರ ಜೂನ್ 18ಕ್ಕೆ ಶುರುವಾಗಿ ಆಗಸ್ಟ್ 28ಕ್ಕೆ ಮುಗಿಯಿತು. 20 ಎಪಿಸೋಡ್. ಎರಡನೇ ಭಾಗ ‘ಲೈಟ್ ಆ್ಯಂಡ್ ಶ್ಯಾಡೋ’ ಡಿಸೆಂಬರ್ 10ರಿಂದ 2023ರ ಜನವರಿ 8ರವರೆಗೆ. ಬರೀ 10 ಎಪಿಸೋಡ್. ಕೆ-ಡ್ರಾಮಾಗಳಿಗೆ 16 ಎಪಿಸೋಡ್ ವಾಡಿಕೆ ಇದ್ದ ಕಾಲದಲ್ಲಿ 30 ಅಂದರೆ ದೊಡ್ಡದೇ. ಬರೆದವರು ‘ಹಾಂಗ್ ಸಿಸ್ಟರ್ಸ್’ ಎಂದೇ ಹೆಸರಾದ ಹಾಂಗ್ ಜಂಗ್-ಯುನ್ ಮತ್ತು ಹಾಂಗ್ ಮಿ-ರಾನ್. ನಿರ್ದೇಶನ ಪಾರ್ಕ್ ಜೂನ್-ಹ್ವಾ ಅವರದು.

ಕತೆ ನಡೆಯುವುದು ಡೇಹೋ ಎಂಬ ದೇಶದಲ್ಲಿ. ಅದು ಇತಿಹಾಸದಲ್ಲೂ ಇಲ್ಲ, ಭೂಪಟದಲ್ಲೂ ಇಲ್ಲ. ಅಲ್ಲಿನ ಮಾಂತ್ರಿಕರು ನೀರನ್ನು ಎತ್ತಿ ಆಯುಧ ಮಾಡಬಲ್ಲರು. ಒಂದು ವಿದ್ಯೆಗೆ ಮಾತ್ರ ನಿಷೇಧ ಇದೆ: ಒಬ್ಬರ ಆತ್ಮವನ್ನು ಇನ್ನೊಬ್ಬರ ದೇಹಕ್ಕೆ ದಾಟಿಸುವುದು. ನಕ್ಸು ಅನ್ನುವ ಕೊಲೆಗಾತಿ ಗಾಯಗೊಂಡು ಸಾಯುವ ಸ್ಥಿತಿಯಲ್ಲಿದ್ದಾಗ ಆ ವಿದ್ಯೆಯನ್ನೇ ಬಳಸುತ್ತಾಳೆ. ಲೆಕ್ಕ ತಪ್ಪುತ್ತದೆ. ಅವಳು ಹೋಗಿ ಸೇರುವುದು ಕಣ್ಣು ಕಾಣದ, ಕೈಕಾಲಲ್ಲಿ ಬಲ ಇಲ್ಲದ ಮು-ಡೋಕ್ ಎಂಬ ಹಳ್ಳಿ ಹುಡುಗಿಯ ದೇಹಕ್ಕೆ. ಕಣ್ಣು ಬರುತ್ತದೆ, ಬಲ ಬರುವುದಿಲ್ಲ. ಕತ್ತಿ ಎತ್ತಲೂ ಆಗದ ಕೊಲೆಗಾತಿ!

ಇತ್ತ ದೊಡ್ಡ ಮನೆತನದ ಮಗ ಜಾಂಗ್ ಉಕ್. ಹುಟ್ಟಿದಾಗಲೇ ಅಪ್ಪ ಅವನ ಶಕ್ತಿಯ ಬಾಗಿಲು ಮುಚ್ಚಿಟ್ಟಿದ್ದಾನೆ. ಅದನ್ನು ತೆರೆದು ವಿದ್ಯೆ ಕಲಿಸಲು ಯಾವ ಗುರುವೂ ಒಪ್ಪುವುದಿಲ್ಲ. ಮು-ಡೋಕ್‌ಳ ಕಣ್ಣಲ್ಲಿ ಆತ್ಮ ದಾಟಿದ ನೀಲಿ ಗುರುತು ಕಂಡು ಅವಳು ಯಾರೆಂದು ಅವನಿಗೆ ಗೊತ್ತಾಗುತ್ತದೆ. ಅಲ್ಲಿಂದ ಅವಳು ಎಲ್ಲರೆದುರು ಅವನ ಮನೆಗೆಲಸದವಳು, ಗುಟ್ಟಾಗಿ ಅವನ ಗುರು. ಎಂಥ ಗುರು ಅಂದರೆ, ಶಕ್ತಿಯ ಬಾಗಿಲು ತೆರೆಯಲಿ ಅಂತ ಶಿಷ್ಯನಿಗೆ ವಿಷ ಕುಡಿಸುವ ಗುರು. ಗುರು-ಶಿಷ್ಯ, ಒಡೆಯ-ಸೇವಕಿ ಎರಡೂ ಒಟ್ಟಿಗೇ ನಡೆಯುವ ಈ ತಮಾಷೆಯ ಸಂಬಂಧ ನಿಧಾನಕ್ಕೆ ಪ್ರೀತಿ ಆಗುತ್ತದೆ. ಮೊದಲ ಭಾಗದ ಜೀವ ಇರುವುದೇ ಇಲ್ಲಿ.

ಆ ಮು-ಡೋಕ್ ಆಗಿ ನಟಿಸಿದವರು ಜಂಗ್ ಸೋ-ಮಿನ್. ಮೂಲ ನಕ್ಸು ಆಗಿ ಮೊದಲ ಎಪಿಸೋಡಿನಲ್ಲಿ ಕಾಣಿಸಿಕೊಳ್ಳುವವರು ಗೋ ಯುನ್-ಜಂಗ್. ಮೊದಲ ಭಾಗದ ಕೊನೆಯಲ್ಲಿ ಖಳ ಜಿನ್ ಮು ಗಂಟೆ ಬಾರಿಸಿ, ಮು-ಡೋಕ್ ದೇಹದಲ್ಲಿರುವ ನಕ್ಸುವನ್ನು ವಶ ಮಾಡಿಕೊಳ್ಳುತ್ತಾನೆ. ಮೈಮೇಲೆ ಎಚ್ಚರ ಇಲ್ಲದೆ ಅವಳು ಕೊಲೆಗಳನ್ನು ಮಾಡುತ್ತಾಳೆ. ಉಕ್‌ನನ್ನೂ ಇರಿಯುತ್ತಾಳೆ. ಆಮೇಲೆ ಸರೋವರಕ್ಕೆ ಹಾರುತ್ತಾಳೆ. ಮೂರು ವರ್ಷದ ನಂತರ ಎರಡನೇ ಭಾಗ ತೆರೆದಾಗ ಅದೇ ದೇಹ ಬದುಕಿ ಉಳಿದಿದೆ. ಆದರೆ ಮುಖ ಬದಲಾಗಿದೆ. ಒಳಗಿದ್ದ ಆತ್ಮ ಆ ದೇಹವನ್ನೇ ತನ್ನ ಹಳೆಯ ಮುಖಕ್ಕೆ ತಿದ್ದಿಕೊಂಡಿದೆ ಅನ್ನುವುದು ಕತೆ ಕೊಡುವ ಕಾರಣ. ಹಾಗಾಗಿ ನಾಯಕಿ ಈಗ ಗೋ ಯುನ್-ಜಂಗ್. ನೆನಪು ಮಾತ್ರ ಇಲ್ಲ.

ನಮ್ಮ ಟಿವಿ ಧಾರಾವಾಹಿ ನೋಡಿ ಬೆಳೆದವರಿಗೆ ಇದರಲ್ಲಿ ಅಂಥ ಆಘಾತ ಏನೂ ಇಲ್ಲ ಬಿಡಿ. ಇಲ್ಲಿ ಅಪಘಾತ ಆಗುತ್ತದೆ, ಪ್ಲಾಸ್ಟಿಕ್ ಸರ್ಜರಿ ಆಗುತ್ತದೆ, ಬ್ಯಾಂಡೇಜ್ ಬಿಚ್ಚಿದರೆ ಹೊಸ ನಟಿ! ಎಷ್ಟೋ ಸಲ ಅದೂ ಇಲ್ಲ. ಸೋಮವಾರ ಬೇರೆ ಸೊಸೆ ಬಂದು ಕಾಫಿ ಕೊಡುತ್ತಾಳೆ, ಅತ್ತೆಯೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ವ್ಯತ್ಯಾಸ ಏನೆಂದರೆ, ಕೊರಿಯಾದ ಧಾರಾವಾಹಿಗಳಲ್ಲಿ ಹೀಗೆ ನಡುವೆ ಮುಖ್ಯ ಪಾತ್ರದ ನಟಿ ಬದಲಾಗುವುದು ಅಪರೂಪ. ಜೋಡಿಯ ನಡುವಿನ ಹೊಂದಿಕೆಯೇ ಅಲ್ಲಿನ ಪ್ರೇಮಕತೆಗಳ ಬಂಡವಾಳ. ಅದನ್ನು ಅರ್ಧದಾರಿಯಲ್ಲಿ ಕೈಬಿಡುವುದೆಂದರೆ ದೊಡ್ಡ ಜೂಜು.

ಈ ಪಾತ್ರಕ್ಕೆ ನಟಿಯರ ಗೊಂದಲ ಮೊದಲೇ ಅಂಟಿಕೊಂಡಿತ್ತು. ಶುರುವಿನಲ್ಲಿ ಆಯ್ಕೆಯಾಗಿದ್ದವರು ಹೊಸ ನಟಿ ಪಾರ್ಕ್ ಹೇ-ಯುನ್. ಅವರು 2021ರಲ್ಲಿ ಹೊರನಡೆದರು. ಆ ಜಾಗಕ್ಕೆ ಜಂಗ್ ಸೋ-ಮಿನ್ ಬಂದರು. ಇದೇ ನಿರ್ದೇಶಕರ ಜತೆ 2017ರಲ್ಲಿ ‘ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್’ ಮಾಡಿದ್ದ ಅನುಭವಿ. ನಾಯಕ ಲೀ ಜೇ-ವುಕ್ 1998ರಲ್ಲಿ ಹುಟ್ಟಿದವರು, ಜಂಗ್ ಸೋ-ಮಿನ್ 1989ರಲ್ಲಿ. ಒಂಬತ್ತು ವರ್ಷದ ಅಂತರ ಅಂತ ಕೆಲವರು ಮೂಗು ಮುರಿದರು. ನಾಯಕ ಒಂಬತ್ತು ವರ್ಷ ದೊಡ್ಡವನಾಗಿದ್ದರೆ ಯಾರಾದರೂ ಲೆಕ್ಕ ಹಾಕುತ್ತಿದ್ದರಾ ಅನ್ನುವುದು ನನ್ನ ಸಣ್ಣ ಅನುಮಾನ. ಇರಲಿ. ಎಪಿಸೋಡ್‌ಗಳು ಬರುತ್ತಾ ಹೋದಂತೆ ಆ ಮಾತು ತಣ್ಣಗಾಯಿತು. ಅಷ್ಟರಲ್ಲಿ, ಮೊದಲ ಭಾಗ ಇನ್ನೂ ಪ್ರಸಾರ ಆಗುತ್ತಿದ್ದಾಗಲೇ, ಎರಡನೇ ಭಾಗಕ್ಕೆ ನಾಯಕಿ ಬೇರೆ ಅನ್ನುವ ಸುದ್ದಿ ಹೊರಬಿತ್ತು. ಆಗ ಶುರುವಾದ ಜಗಳ ಇದು.

ಜಂಗ್ ಸೋ-ಮಿನ್ ಕಡೆಯವರ ವಾದ ನೇರ. ಮು-ಡೋಕ್ ಎಂದರೆ ಒಂದು ಮುಖದಲ್ಲಿ ಇಬ್ಬರು. ಮನೆಮಂದಿ ಎದುರು ಹಳ್ಳಿ ಧಾಟಿಯಲ್ಲಿ ಮಾತಾಡುತ್ತಾ ತಲೆ ತಗ್ಗಿಸುವ ಹುಡುಗಿ. ಬಾಗಿಲು ಮುಚ್ಚಿದ ಕೂಡಲೇ ಕಣ್ಣು ಗಟ್ಟಿಯಾಗಿ, ಬೆನ್ನು ನೆಟ್ಟಗಾಗಿ ನಕ್ಸು. ಉಡುಪು ಬದಲಾಗದೆ, ಬೆಳಕು ಬದಲಾಗದೆ, ಬರೀ ನೋಟದಲ್ಲಿ ಆ ಬದಲಾವಣೆ ತೋರಿಸಿದ್ದು ಅವರು. ಸಿಟ್ಟು, ಹೊಟ್ಟೆಕಿಚ್ಚು, ಶಿಷ್ಯನ ಬಗ್ಗೆ ಹೆಮ್ಮೆ, ಒಪ್ಪಿಕೊಳ್ಳಲು ಆಗದ ಪ್ರೀತಿ, ಎಲ್ಲವೂ ಅದೇ ಮುಖದಲ್ಲಿ ಬೆಳೆದದ್ದು. ‘ನಾವು ಪ್ರೀತಿಸಿದ ನಕ್ಸು ಅಂದರೆ ಇವಳೇ, ಮೊದಲ ಎಪಿಸೋಡಿನಲ್ಲಿ ಹತ್ತು ನಿಮಿಷ ಕತ್ತಿ ಬೀಸಿದವಳಲ್ಲ’ ಅನ್ನುತ್ತಾರೆ ಅವರು. ಈ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ.

ಗೋ ಯುನ್-ಜಂಗ್ ಕಡೆಯವರದು ತರ್ಕ. ನಕ್ಸುವಿಗೆ ತನ್ನದೇ ಮುಖ ಅಂತ ಒಂದಿದೆ. ಅದನ್ನು ಬರಹಗಾರರು ಶುರುವಿನಲ್ಲೇ ತೋರಿಸಿದ್ದಾರೆ. ಆತ್ಮ ಮುಖ್ಯ, ದೇಹ ಬರೀ ಮನೆ ಅನ್ನುವ ಕತೆಯಲ್ಲಿ ಕೊನೆಗೆ ಆತ್ಮಕ್ಕೆ ಅದರ ಮುಖ ಮರಳಿ ಸಿಗಬೇಕಲ್ಲವಾ? ಜತೆಗೆ ಎರಡನೇ ಭಾಗದ ನಾಯಕಿಯ ಕೆಲಸ ಮೊದಲಿನವಳ ನಕಲು ಮಾಡುವುದಲ್ಲ. ನೆನಪಿಲ್ಲದ, ಮನೆಯೊಳಗೆ ಕೂಡಿಹಾಕಿದ, ಆದರೂ ಹುಡುಗಾಟ ಬಿಡದ ಹೊಸ ಹೆಣ್ಣೊಬ್ಬಳನ್ನು ಕಟ್ಟಿ, ನಿಧಾನಕ್ಕೆ ಅವಳೊಳಗೆ ಹಳೆಯ ನಕ್ಸು ಎದ್ದು ಬರುವುದನ್ನು ತೋರಿಸಬೇಕು. ಅದನ್ನು ಗೋ ಯುನ್-ಜಂಗ್ ಮಾಡಿದ್ದಾರೆ. ಮೊದಲ ಭಾಗದ ಮು-ಡೋಕ್‌ಳ ಸಣ್ಣ ಚರ್ಯೆಗಳು ಕೊನೆಯ ಎಪಿಸೋಡ್‌ಗಳಲ್ಲಿ ಇವರ ಮುಖದಲ್ಲಿ ಇಣುಕುತ್ತವೆ. ಗಮನಿಸಿ ನೋಡಿದವರಿಗೆ ಕಾಣುತ್ತದೆ.

ಇನ್ನೊಂದು ವಿಷಯ ಈ ಎಣಿಕೆಯನ್ನೇ ಬದಲಿಸುತ್ತಾ ಬಂದಿದೆ. 2023ರಲ್ಲಿ ‘ಮೂವಿಂಗ್’ ಬಂದು ಗೋ ಯುನ್-ಜಂಗ್ ದೊಡ್ಡ ಹೆಸರಾದರು. ಅವರಿಗಾಗಿಯೇ ಹಿಂದಕ್ಕೆ ಹೋಗಿ ‘ಅಲ್ಕೆಮಿ’ ನೋಡುವವರಿಗೆ ಮೊದಲ ಭಾಗದ ಇಪ್ಪತ್ತು ಎಪಿಸೋಡ್ ಕಾಯುವಿಕೆ. ಜಂಗ್ ಸೋ-ಮಿನ್‌ರನ್ನು 2024ರ ‘ಲವ್ ನೆಕ್ಸ್ಟ್ ಡೋರ್’ನಲ್ಲಿ ಮೆಚ್ಚಿ ಬಂದವರಿಗೆ ಎರಡನೇ ಭಾಗ ನಷ್ಟ. ಅದೇ ಧಾರಾವಾಹಿ, ಬಂದ ದಾರಿ ಬೇರೆ, ಅಭಿಪ್ರಾಯವೂ ಬೇರೆ. ಹಾಗಾಗಿ ಹೆಚ್ಚು ಜನ ಏನಂತಾರೆ ಅಂತ ತಲೆ ಎಣಿಸಿ ಇಲ್ಲಿ ತೀರ್ಪು ಕೊಡಲು ಆಗುವುದಿಲ್ಲ.

ನನಗೆ ಕಾಣುವ ಮೂಲ ಸಮಸ್ಯೆ ಬೇರೆ. ಕಾದಂಬರಿಯಲ್ಲಿ ಆತ್ಮ ದೇಹ ಬದಲಿಸಿದರೆ ಓದುವವರಿಗೆ ಏನೂ ಕಷ್ಟ ಇಲ್ಲ. ಹೆಸರು ಅದೇ ಇರುತ್ತದೆ, ಮನಸ್ಸಿನ ಮಾತು ಕೇಳಿಸುತ್ತಾ ಇರುತ್ತದೆ. ಟಿವಿಗೆ ಆ ಸೌಕರ್ಯ ಇಲ್ಲ. ಅದಕ್ಕೆ ಇರುವುದು ಮುಖ ಮತ್ತು ದನಿ. ನಾವು ಪಾತ್ರವನ್ನು ಪ್ರೀತಿಸುತ್ತೇವೆ ಅಂದುಕೊಳ್ಳುತ್ತೇವೆ. ಆದರೆ ಪ್ರೀತಿ ಅಂಟಿಕೊಳ್ಳುವುದು ಹತ್ತಿರದಿಂದ ತೆಗೆದ ಸಾವಿರಾರು ಶಾಟ್‌ಗಳಲ್ಲಿ ಕಂಡ ಒಂದು ಮುಖಕ್ಕೆ. ‘ಆತ್ಮವೇ ಎಲ್ಲ’ ಅಂತ ಈ ಧಾರಾವಾಹಿ ಬಾಯಲ್ಲಿ ಹೇಳಿತು. ಕ್ಯಾಮೆರಾದಲ್ಲಿ ಇಪ್ಪತ್ತು ಎಪಿಸೋಡ್ ಮುಖವನ್ನೇ ಮಾರಿತು. ಆಮೇಲೆ ಮುಖ ಬದಲಿಸಿ, ‘ಯಾಕೆ ಬೇಜಾರು? ಆತ್ಮ ಅದೇ ತಾನೇ’ ಅಂದರೆ ನೋಡುಗರು ಸುಮ್ನೆ ಇರ್ತಾರಾ?

ಇದನ್ನು ದಾಟಲು ಸಮಯ ಬೇಕಿತ್ತು. ಅಲ್ಲೇ ಎರಡನೇ ಭಾಗ ಎಡವಿದ್ದು. ಹತ್ತೇ ಎಪಿಸೋಡ್. ಮೂರು ವರ್ಷದಲ್ಲಿ ಉಕ್ ಬೇರೆಯೇ ಮನುಷ್ಯ. ಎದೆಯೊಳಗೆ ಮಂಜುಗಲ್ಲು ಎಂಬ ಮಾಂತ್ರಿಕ ಕಲ್ಲನ್ನು ಹೊತ್ತುಕೊಂಡು, ಆತ್ಮ ದಾಟಿದವರನ್ನು ಬೇಟೆಯಾಡುತ್ತಾ, ನಿದ್ದೆ ಇಲ್ಲದೆ ಅಲೆಯುತ್ತಾನೆ. ಲೀ ಜೇ-ವುಕ್ ಈ ಭಾಗದಲ್ಲಿ ಮೊದಲಿಗಿಂತ ಚೆನ್ನಾಗಿ ನಟಿಸಿದ್ದಾರೆ ಅನ್ನುವುದನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಅವನು ಹೊಸ ಹೆಣ್ಣನ್ನು ನೋಡಬೇಕು, ಹಳೆಯವಳಿಗೆ ಮೋಸ ಮಾಡುತ್ತಿದ್ದೇನೆ ಅಂತ ಒದ್ದಾಡಬೇಕು, ಕೊನೆಗೆ ಇಬ್ಬರೂ ಒಬ್ಬಳೇ ಅಂತ ತಿಳಿಯಬೇಕು. ಜತೆಗೆ ಉಕ್‌ನ ಗೆಳೆಯ ಸೋ ಯುಲ್‌ನ ಒಳಗೆ ಸೇರಿದ ರಕ್ತದ ಹುಳು, ಯುವರಾಜನ ಕತೆ, ಇನ್ನೊಬ್ಬ ಗೆಳೆಯ ಡಾಂಗ್-ಗು ಮತ್ತು ಚೋ-ಯೋನ್ ಮದುವೆ, ಜಿನ್ ಮು ಸೋಲು, ಬೆಂಕಿ ಹಕ್ಕಿ. ಮೊದಲ ಭಾಗ ಒಂದು ಊಟದ ದೃಶ್ಯಕ್ಕೆ ಕೊಡುತ್ತಿದ್ದ ಸಮಯದಲ್ಲಿ ಇಲ್ಲಿ ಒಂದು ಯುದ್ಧ ಮುಗಿಯುತ್ತದೆ. ಗ್ರಾಫಿಕ್ಸ್ ಬಗ್ಗೆಯೂ ದೂರು ಬಂತು. ಅದು ನನಗೆ ದೊಡ್ಡದಾಗಿ ಕಾಣಲಿಲ್ಲ. ಅವಸರ ಮಾತ್ರ ಕಂಡಿತು.

ನೋಡುಗರು ಇಷ್ಟು ಕೂಗಿದರೂ ಯಾಕೆ ಏನೂ ಬದಲಾಗಲಿಲ್ಲ ಅನ್ನುವ ಪ್ರಶ್ನೆ ಬರುತ್ತದೆ. ಕೊರಿಯಾದಲ್ಲಿ ನೋಡುಗರ ಮಾತಿಗೆ ಬೆಲೆ ಇಲ್ಲ ಅಂತಲ್ಲ. 2021ರ ಮಾರ್ಚ್‌ನಲ್ಲಿ ಎಸ್‌ಬಿಎಸ್ ಚಾನೆಲ್‌ನ ‘ಜೋಸನ್ ಎಕ್ಸಾರ್ಸಿಸ್ಟ್’ ಎರಡೇ ಎಪಿಸೋಡಿಗೆ ನಿಂತುಹೋಯಿತು. ಜೋಸನ್ ರಾಜರ ಕಾಲದ ಕತೆಯಲ್ಲಿ ಚೀನಾ ಶೈಲಿಯ ತಿಂಡಿ, ಸಾಮಾನುಗಳನ್ನು ಇಟ್ಟಿದ್ದರು. ಜನ ಸಿಟ್ಟಾಗಿ ಜಾಹೀರಾತು ಕೊಡುವ ಕಂಪನಿಗಳ ಬೆನ್ನು ಹತ್ತಿದರು. ಕಂಪನಿಗಳು ಹಿಂದೆ ಸರಿದವು. ಧಾರಾವಾಹಿ ರದ್ದಾಯಿತು. ಅದಾದ ಮರುವರ್ಷವೇ ‘ಅಲ್ಕೆಮಿ’ ಬಂದಿದ್ದು. ಇಲ್ಲದ ದೇಶ, ಇಲ್ಲದ ಕಾಲ ಇಟ್ಟುಕೊಂಡರೆ ಎಷ್ಟು ಕ್ಷೇಮ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಆದರೂ ಉಡುಪು, ಮಂತ್ರವಿದ್ಯೆ, ಕಾದಾಟ ಎಲ್ಲ ಚೀನಾದ ಫ್ಯಾಂಟಸಿ ಧಾರಾವಾಹಿಗಳ ಹಾಗೆ ಕಾಣುತ್ತವೆ ಅಂತ ದೂರಿದವರು ಇದ್ದರು. ಡೇಹೋ ಅನ್ನುವ ಹೆಸರು ಆ ದೂರನ್ನು ದೊಡ್ಡದಾಗಲು ಬಿಡಲಿಲ್ಲ.

ಅಂದರೆ ನೋಡುಗರು ಒಂದು ಧಾರಾವಾಹಿಯನ್ನು ನಿಲ್ಲಿಸಬಲ್ಲರು, ಒಬ್ಬ ನಟಿಯನ್ನು ವಾಪಸ್ ತರಲಾರರು. ಕಾರಣ ಕೆಲಸದ ರೀತಿಯಲ್ಲಿದೆ. ಮೊದಲೆಲ್ಲ ಅಲ್ಲಿ ಎಪಿಸೋಡ್ ಪ್ರಸಾರ ಆಗುತ್ತಿರುವಾಗಲೇ ಮುಂದಿನದರ ಚಿತ್ರಕತೆ ಬರೆಯುತ್ತಿದ್ದರು. ಶೂಟಿಂಗ್ ದಿನ ಬೆಳಗ್ಗೆ ಹಾಳೆ ಕೈಗೆ ಬರುವುದೂ ಇತ್ತು. ಆಗ ಜನರ ಮಾತಿಗೆ ಕತೆ ಸ್ವಲ್ಪ ಬಾಗುತ್ತಿತ್ತು. ಈಗ ದೊಡ್ಡ ಫ್ಯಾಂಟಸಿಗಳ ಚಿತ್ರೀಕರಣ ಬಹಳ ಮುಂದೆ ಇರುತ್ತದೆ, ಗ್ರಾಫಿಕ್ಸ್‌ಗೆ ತಿಂಗಳುಗಟ್ಟಲೆ ಬೇಕು. ಮೊದಲ ಭಾಗ ಮುಗಿಯುವ ಹೊತ್ತಿಗೆ ಎರಡನೇ ಭಾಗದ ಹಾದಿ ತೀರ್ಮಾನ ಆಗಿಬಿಟ್ಟಿತ್ತು. ಹಾಗೆ ನೋಡಿದರೆ ಹಳೇ ಕಾಲದಲ್ಲೂ ನೋಡುಗರು ಯಾವಾಗಲೂ ಗೆದ್ದಿಲ್ಲ. 2004ರ ‘ಲವರ್ಸ್ ಇನ್ ಪ್ಯಾರಿಸ್’ನಲ್ಲಿ ಕೊನೆಗೆ ಇಡೀ ಕತೆ ನಾಯಕಿ ಬರೆಯುತ್ತಿದ್ದ ಚಿತ್ರಕತೆ ಅಂತ ತೋರಿಸಿದಾಗ ದೇಶವೇ ಸಿಟ್ಟಾಗಿತ್ತು.

ಟಿವಿ ರೇಟಿಂಗ್ ನೋಡಿದರೆ ಈ ಜಗಳದ ಸುಳಿವೇ ಸಿಗುವುದಿಲ್ಲ. ಎರಡೂ ಭಾಗಗಳ ಕೊನೆಯ ಎಪಿಸೋಡ್ ಕೊರಿಯಾದಲ್ಲಿ ಶೇ 9 ದಾಟಿತು. ಕೇಬಲ್ ಚಾನೆಲ್‌ಗೆ ಅದು ಒಳ್ಳೆಯ ಅಂಕಿ. ಮುಖ ಬದಲಾದದ್ದಕ್ಕೆ ಜನ ಟಿವಿ ಆರಿಸಲಿಲ್ಲ ಅಂದಹಾಗಾಯಿತು. ಆದರೆ ಆ ಲೆಕ್ಕ ಕೊರಿಯಾದ ಮನೆಗಳ ಟಿವಿಯದು. ಫೋನ್‌ನಲ್ಲಿ ನೋಡುವವರು, ಹೊರದೇಶದವರು ಅದರಲ್ಲಿ ಇಲ್ಲ. ನೆಟ್‌ಫ್ಲಿಕ್ಸ್‌ನ ಇಂಗ್ಲಿಷ್ ಅಲ್ಲದ ಧಾರಾವಾಹಿಗಳ ಜಾಗತಿಕ ಟಾಪ್ 10 ಪಟ್ಟಿಯಲ್ಲಿ ‘ಅಲ್ಕೆಮಿ’ ಹಲವು ವಾರ ಇತ್ತು. ಭಾರತದಲ್ಲಿ ಕೆ-ಡ್ರಾಮಾ ನೋಡುವುದು 2019ಕ್ಕೆ ಹೋಲಿಸಿದರೆ 2020ರಲ್ಲಿ ಶೇ 370ಕ್ಕೂ ಜಾಸ್ತಿ ಏರಿತ್ತು ಅಂತ ನೆಟ್‌ಫ್ಲಿಕ್ಸ್ ಹೇಳಿತ್ತು. ಲಾಕ್‌ಡೌನ್‌ನಲ್ಲಿ ಹತ್ತಿದ ಆ ಚಟದ ಮೇಲೆ ಬಂದದ್ದು ‘ಅಲ್ಕೆಮಿ’.

ಬೆಂಗಳೂರಲ್ಲಿ ಕೂತು ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ನೋಡುವವರ ಅನುಭವವೂ ಬೇರೆ. ಪ್ರಸಾರದ ಕಾಲದಲ್ಲಿ ನೋಡಿದವರಿಗೆ ಎರಡು ಭಾಗಗಳ ನಡುವೆ ಮೂರೂವರೆ ತಿಂಗಳು ಸಿಕ್ಕಿತು. ಅಳಲು, ಬೈಯಲು, ಊಹೆ ಮಾಡಲು, ಆಮೇಲೆ ಒಪ್ಪಿಕೊಳ್ಳಲು. ಈಗ ನೋಡುವವರು ರಾತ್ರಿ ಹನ್ನೊಂದಕ್ಕೆ ಇಪ್ಪತ್ತನೇ ಎಪಿಸೋಡ್ ಮುಗಿಸಿ, ಹನ್ನೆರಡೂವರೆಗೆ ಹೊಸ ಮುಖ ನೋಡುತ್ತಾರೆ. ಎರಡನೇ ಭಾಗವನ್ನು ಕಟುವಾಗಿ ಬೈಯುವವರಲ್ಲಿ ಹೀಗೆ ಒಂದೇ ಉಸಿರಿಗೆ ನೋಡಿದವರು ಜಾಸ್ತಿ ಸಿಗುತ್ತಾರೆ ನನಗೆ. ಯಾರಾದರೂ ಸಲಹೆ ಕೇಳಿದರೆ, ನಡುವೆ ಒಂದೆರಡು ವಾರ ಬಿಡಿ ಅನ್ನುತ್ತೇನೆ.

ಅಂತ್ಯದ ಬಗ್ಗೆ ಇನ್ನೊಂದು ಹಳೇ ಲೆಕ್ಕ ಬಾಕಿ ಇತ್ತು. ಹಾಂಗ್ ಸಿಸ್ಟರ್ಸ್ ಹೆಸರು ಕೇಳಿದರೆ ಹಳೇ ನೋಡುಗರಿಗೆ ಭಯ. 2017-18ರ ‘ಎ ಕೊರಿಯನ್ ಒಡಿಸ್ಸಿ’ಯಲ್ಲಿ ನಾಯಕಿ ಸಾಯುತ್ತಾಳೆ, ನಾಯಕ ಅವಳನ್ನು ಹುಡುಕಿ ಹೊರಡುತ್ತಾನೆ. 2019ರ ‘ಹೋಟೆಲ್ ಡೆಲ್ ಲೂನಾ’ದಲ್ಲಿ ನಾಯಕಿ ಈ ಲೋಕವನ್ನೇ ಬಿಟ್ಟು ಹೋಗುತ್ತಾಳೆ. ಹೀಗಾಗಿ ‘ಅಲ್ಕೆಮಿ’ಯ ಕೊನೆಯ ವಾರಗಳನ್ನು ಜನ ಉಸಿರು ಬಿಗಿಹಿಡಿದು ನೋಡಿದರು. ಈ ಸಲ ಬರಹಗಾರರು ಜೋಡಿಯನ್ನು ಒಂದು ಮಾಡಿದರು. ನಕ್ಸು ತನ್ನ ಮೂಲ ಹೆಸರು ಚೋ ಯಂಗ್ ಆಗಿ ಉಕ್ ಜತೆ ಉಳಿಯುತ್ತಾಳೆ. ಸಮಾಧಾನದ ನಿಟ್ಟುಸಿರು ಎಷ್ಟು ದೊಡ್ಡದಿತ್ತೆಂದರೆ, ಆ ಸುಖಕ್ಕೆ ಬೆಲೆ ಕೊಟ್ಟವರು ಯಾರು ಅಂತ ಕೇಳಿದವರು ತೀರಾ ಕಡಿಮೆ.

ಬೆಲೆ ಕೊಟ್ಟವಳು ಜಿನ್ ಬು-ಯೋನ್. ಆ ದೇಹದ ನಿಜವಾದ ಒಡತಿ.

ಪರಕಾಯ ಪ್ರವೇಶ ನಮಗೆ ಹೊಸದಲ್ಲ. ಶಂಕರಾಚಾರ್ಯರು ಅಮರುಕ ರಾಜನ ದೇಹ ಸೇರಿದ ಕತೆ ಅಜ್ಜಿಯರ ಬಾಯಲ್ಲೇ ಕೇಳಿದ್ದೇವೆ. ಅಲ್ಲಿ ರಾಜ ಆಗಲೇ ಸತ್ತಿದ್ದ. ದೇಹಕ್ಕೆ ಯಜಮಾನ ಇರಲಿಲ್ಲ, ತಕರಾರೂ ಇಲ್ಲ. ಬೇತಾಳನ ಕತೆಯಲ್ಲಿ ತಲೆ ಅದಲುಬದಲಾದಾಗ ಗಂಡ ಯಾರು ಅಂತ ಕೇಳಿದರೆ, ತಲೆ ಯಾರದೋ ಅವನೇ ಅನ್ನುತ್ತಾನೆ ವಿಕ್ರಮ. ಗಿರೀಶ ಕಾರ್ನಾಡರ ‘ಹಯವದನ’ ಆ ಉತ್ತರವನ್ನೇ ಕೆದಕಿತು. ಅಲ್ಲಿ ತಲೆ ನಿಧಾನಕ್ಕೆ ದೇಹವನ್ನು ತನ್ನ ಹಳೆಯ ರೂಪಕ್ಕೆ ತಿದ್ದಿಕೊಳ್ಳುತ್ತದೆ. ಕಪಿಲನ ಗಟ್ಟಿ ಮೈ ದೇವದತ್ತನ ತಲೆಯ ಕೆಳಗೆ ಮೆತ್ತಗಾಗುತ್ತದೆ. ಪದ್ಮಿನಿ ಬಯಸಿದ್ದು ಅವಳ ಕೈತಪ್ಪುತ್ತದೆ. ಮು-ಡೋಕ್‌ಳ ದೇಹ ಮೂರು ವರ್ಷದಲ್ಲಿ ನಕ್ಸು ಮುಖವಾದಾಗ ನನಗೆ ಮೊದಲು ನೆನಪಾದದ್ದು ಇದು. ಜಂಗ್ ಸೋ-ಮಿನ್ ಬೇಕಿತ್ತು ಅಂತ ಅಳುವ ನೋಡುಗರದು ಪದ್ಮಿನಿಯ ಸ್ಥಿತಿಯೇ. ಅವರಿಗೆ ಈ ಆತ್ಮವೂ ಬೇಕು, ಆ ದೇಹವೂ ಬೇಕು.

ಡೇಹೋದ ಕತೆಯಲ್ಲಿ ಮಾತ್ರ ತಕರಾರಿಗೆ ಜಾಗ ಇದೆ. ನಕ್ಸು ಒಳಹೊಕ್ಕಾಗ ಮು-ಡೋಕ್ ಸತ್ತಿರಲಿಲ್ಲ. ಅವಳು ಜಿನ್ ಮನೆತನದ ಹಿರಿಮಗಳು ಬು-ಯೋನ್, ಚಿಕ್ಕವಳಿದ್ದಾಗ ಕಳೆದುಹೋದವಳು. ಹುಟ್ಟಿನಿಂದ ಕುರುಡಿ, ಆದರೆ ಒಳಗೆ ಅಪಾರ ಶಕ್ತಿ. ನಕ್ಸು ಬೇರೆ ಆತ್ಮದಾಟಿಗಳ ಹಾಗೆ ಕಲ್ಲಾಗದೆ ಬದುಕಿದ್ದೇ ಆ ದೇಹದ ಬಲದಿಂದ. ಆ ದೇಹದ ಕೈಯಿಂದಲೇ ಬು-ಯೋನ್‌ಳ ಅಪ್ಪನ ಕೊಲೆಯೂ ಆಗುತ್ತದೆ. ಎರಡನೇ ಭಾಗದಲ್ಲಿ ಅಮ್ಮ ಜಿನ್ ಹೋ-ಗ್ಯಂಗ್ ಮಗಳನ್ನು ಮನೆಯಲ್ಲಿ ಕೂಡಿಹಾಕಿ, ವಂಶಕ್ಕೆ ವಾರಸುದಾರಳು ಹುಟ್ಟಿದರೆ ಸಾಕು ಅನ್ನುತ್ತಾಳೆ. ಆ ಮಗಳಿಗೆ ಮುಖ ನಕ್ಸುವಿನದು, ನೆನಪು ಯಾರದೂ ಅಲ್ಲ. ಕೊನೆಗೆ ಬು-ಯೋನ್‌ಳ ಆತ್ಮ ತಾನಾಗಿಯೇ ಹಿಂದೆ ಸರಿದು ನಕ್ಸುವಿಗೆ ಬದುಕು ಬಿಟ್ಟುಕೊಡುತ್ತದೆ.

ಅವಳು ಮಾಮೂಲಿ ಹುಡುಗಿ ಅಲ್ಲ, ಹಿಂದಿನ ಕಾಲದ ಮಹಾಮಾಂತ್ರಿಕೆ ಜಿನ್ ಸೋಲ್-ರಾನ್‌ಳ ಆತ್ಮ, ಒಂದು ಕೆಲಸಕ್ಕಾಗಿ ಬಂದು ಮುಗಿಸಿಕೊಂಡು ಹೋದಳು ಅನ್ನುವುದು ಧಾರಾವಾಹಿಯ ಸಮಜಾಯಿಷಿ. ಜಾಣತನದ ಸಮಜಾಯಿಷಿ ಅದು. ಬಿಟ್ಟುಕೊಟ್ಟವಳು ದೈವಾಂಶದವಳಾದರೆ ಯಾರಿಗೂ ಪಾಪ ತಟ್ಟುವುದಿಲ್ಲ. ಮೊದಲ ಭಾಗವೆಲ್ಲ ಆತ್ಮ ದಾಟಿಸುವುದು ಇನ್ನೊಬ್ಬರ ಜೀವ ಕದ್ದ ಹಾಗೆ ಅಂತಲೇ ಹೇಳಿತ್ತು. ಮುದುಕರು ಯೌವನದ ಆಸೆಗೆ ಹುಡುಗರ ದೇಹ ಕದಿಯುವುದನ್ನು ತೋರಿಸಿ ನಮಗೆ ಅಸಹ್ಯ ಹುಟ್ಟಿಸಿತ್ತು. ನಾಯಕಿಯ ವಿಷಯ ಬಂದಾಗ ಮಾತ್ರ ಒಡತಿಯೇ ಬೀಗದ ಕೈ ಕೊಟ್ಟು ಹೋದಳು ಅಂದಿತು. ಖಳರಿಗೊಂದು ನ್ಯಾಯ, ನಾಯಕಿಗೊಂದು ನ್ಯಾಯ.

ಎರಡೂ ಕಡೆಯ ನೋಡುಗರು ಇದನ್ನು ಹೆಚ್ಚು ಕೇಳದೇ ಇರುವುದಕ್ಕೆ ಕಾರಣ ಇದೆ. ಬು-ಯೋನ್‌ಗೆ ಅಂತ ಒಂದು ಮುಖವನ್ನೇ ಧಾರಾವಾಹಿ ಉಳಿಸಲಿಲ್ಲ. ಜಂಗ್ ಸೋ-ಮಿನ್ ಮುಖ ಕಂಡರೆ ನಮಗೆ ನಕ್ಸು ನೆನಪಾಗುತ್ತಾಳೆ. ಗೋ ಯುನ್-ಜಂಗ್ ಮುಖ ಕಂಡರೂ ನಕ್ಸುವೇ. ಬು-ಯೋನ್ ತಾನಾಗಿಯೇ ಇದ್ದದ್ದು ಮೊದಲ ಎಪಿಸೋಡಿನ ಕೆಲವು ನಿಮಿಷ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯಾಗಿ. ಅಭಿಮಾನ ಹುಟ್ಟಲು ಅಷ್ಟು ಸಮಯ ಸಾಲುವುದಿಲ್ಲ. ಎರಡನೇ ಭಾಗಕ್ಕೆ ಇನ್ನೂ ಆರು ಎಪಿಸೋಡ್ ಸಿಕ್ಕಿದ್ದರೆ, ಯುದ್ಧಕ್ಕೂ ಬೆಂಕಿ ಹಕ್ಕಿಗೂ ಕೊಡುವ ಬದಲು ಅವಳಿಗೂ ಅವಳ ಅಮ್ಮನಿಗೂ ಒಂದೆರಡು ಕೊಟ್ಟಿದ್ದರೆ ಸಾಕಿತ್ತು. ಆಗ ಯಾವ ನಟಿ ಮೇಲು ಅನ್ನುವ ಜಗಳ ನಿಲ್ಲುತ್ತಿತ್ತು ಅಂತ ನಾನು ಹೇಳುವುದಿಲ್ಲ. ಮೂರನೆಯದೊಂದು ಕಡೆ ಹುಟ್ಟಿಕೊಳ್ಳುತ್ತಿತ್ತು. ನಾನು ಆ ಕಡೆ ಇರುತ್ತಿದ್ದೆ.